ಮಲಗಿದ ಕಂಪ್ಯೂಟರ್ ಏಳದಿದ್ದಾಗ: ಸ್ಲೀಪ್ ದೋಷ ಹುಡುಕುವ ಕ್ರಮ

"ಸರ್ರ, ರಾತ್ರಿ ಮುಚ್ಚಿಟ್ಟಿನ್ರಿ, ಮುಂಜಾನಿ ನೋಡಿದ್ರ ಸತ್ತಂಗ ಬಿದ್ದೈತ್ರಿ." ಬಾಗಲಕೋಟೆಯ ನವನಗರದಲ್ಲಿ ನಮ್ಮ ರಿಪೇರಿ ಟೇಬಲ್‌ಗೆ ಬರುವ ಸ್ಲೀಪ್ ದೂರುಗಳೆಲ್ಲ ಹೆಚ್ಚುಕಡಿಮೆ ಇದೇ ಮಾತಿನಲ್ಲಿ ಬರುತ್ತವೆ. ಈ ಒಂದು ಮಾತಿನ ಹಿಂದೆ ಮೂರು ಬೇರೆ ಬೇರೆ ರೋಗ ಇರಬಹುದು. ಮೆಷಿನ್ ಮಲಗಲೇ ಇಲ್ಲ, ರಾತ್ರಿಯಿಡೀ ಓಡಿ ಬ್ಯಾಟರಿ ಖಾಲಿ ಮಾಡಿಕೊಂಡಿತು. ಇಲ್ಲವೇ ಸರಿಯಾಗಿ ಮಲಗಿತು, ನಡುವೆ ಕರೆಂಟ್ ಹೋಗಿ ಸತ್ತಿತು. ಇಲ್ಲವೇ ಮಲಗಿದ್ದೂ ಸರಿ, ಎದ್ದಿದ್ದೂ ಸರಿ, ಪರದೆ ಮಾತ್ರ ಹೊತ್ತಿಕೊಳ್ಳಲಿಲ್ಲ.

ಮೂರಕ್ಕೂ ಔಷಧ ಬೇರೆ. ಎಡವಿದ್ದು ಮಲಗುವಾಗಲೋ, ಮಲಗಿದ್ದಾಗಲೋ, ಏಳುವಾಗಲೋ ಅಂತ ಮೊದಲು ತಿಳಿಯಬೇಕು. ಅದು ಗೊತ್ತಾಗುವ ಮೊದಲೇ ವಿಂಡೋಸ್ ಹೊಸದಾಗಿ ಹಾಕಿಸುವುದು, ಬ್ಯಾಟರಿ ಬದಲಿಸುವುದು ಸುಮ್ನೆ ದುಡ್ಡು ದಂಡ.

ಪರೀಕ್ಷೆ ಶುರು ಮಾಡುವ ಮೊದಲು ತೆರೆದಿಟ್ಟ ಫೈಲ್‌ಗಳನ್ನೆಲ್ಲ ಸೇವ್ ಮಾಡಿ. ಟ್ಯಾಲಿ ಲೆಕ್ಕ, ಪ್ರಾಜೆಕ್ಟ್ ರಿಪೋರ್ಟ್ ಇದ್ದರೆ ಪೆನ್‌ಡ್ರೈವ್‌ಗೂ ಒಂದು ಪ್ರತಿ ಹಾಕಿಕೊಳ್ಳಿ. ಮುಂದೆ ಮೆಷಿನ್ ಹಲವು ಸಲ ಬಲವಂತವಾಗಿ ಬಂದ್ ಆಗಬಹುದು.

ನಿಮ್ಮ ಮೆಷಿನ್‌ನದು ಯಾವ ನಿದ್ದೆ?

ಹಳೆಯ ಬಗೆಯ ಸ್ಲೀಪ್‌ಗೆ ಎಸ್3 ಅಂತ ಹೆಸರು. ಪ್ರೊಸೆಸರ್, ಫ್ಯಾನ್, ಡಿಸ್ಕ್ ಎಲ್ಲ ಬಂದ್. ರ್‍ಯಾಮ್‌ಗೆ (ತೆರೆದಿಟ್ಟ ಕೆಲಸ ಹಿಡಿದಿಡುವ ಮೆಮೊರಿ) ಮಾತ್ರ ಒಂದಿಷ್ಟು ಕರೆಂಟ್. ಒಲೆಯ ಕೆಂಡಕ್ಕೆ ಬೂದಿ ಮುಚ್ಚಿಟ್ಟ ಹಾಗೆ. 1996ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಶಿಬಾ ಸೇರಿ ತಂದ ಎಸಿಪಿಐ ಎಂಬ ನಿಯಮಗಳ ಮೇಲೆ ಇದು ನಡೆಯುತ್ತದೆ. ಬಯಾಸ್ (ಬೋರ್ಡ್‌ನಲ್ಲೇ ಇರುವ ಮೂಲ ಸಾಫ್ಟ್‌ವೇರ್), ಆಪರೇಟಿಂಗ್ ಸಿಸ್ಟಮ್, ಒಳಗಿರುವ ಪ್ರತಿ ಸಾಧನದ ಡ್ರೈವರ್ (ಅದನ್ನು ನಡೆಸುವ ಸಾಫ್ಟ್‌ವೇರ್), ಎಲ್ಲವೂ ತಮ್ಮ ಪಾಲಿನ ಕೆಲಸ ಮುಗಿಸಿದರೆ ಮಾತ್ರ ನಿದ್ದೆ. ಒಂದು ಡ್ರೈವರ್ ಕೈಕೊಟ್ಟರೂ ಸಾಕು, ಕೆಟ್ಟಿತು. ಅದೇ ವಿಂಡೋಸ್ ನಿಮ್ಮ ಗೆಳೆಯನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಮಲಗಿ ನಿಮ್ಮದರಲ್ಲಿ ಮೊಂಡು ಹಿಡಿಯುವುದು ಇದಕ್ಕೇ.

ಹೊಸ ಬಗೆ ಮಾಡರ್ನ್ ಸ್ಟ್ಯಾಂಡ್‌ಬೈ. ಇದರಲ್ಲಿ ಮೆಷಿನ್ ಪೂರ್ತಿ ಮಲಗುವುದಿಲ್ಲ. ಮೊಬೈಲ್ ಥರ ಪರದೆ ಆರಿಸಿ, ಪ್ರೊಸೆಸರ್ ತೀರಾ ಕಡಿಮೆ ಕರೆಂಟಿನಲ್ಲಿ ಕೂತಿರುತ್ತದೆ. ಆಗಾಗ ಎದ್ದು ಮೇಲ್, ಅಪ್‌ಡೇಟ್ ನೋಡುತ್ತದೆ. 2020ರಲ್ಲಿ ಬಂದ ಇಂಟೆಲ್ 11ನೇ ತಲೆಮಾರಿನಿಂದ ಈಚೆಗಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಎಸ್3 ಇಲ್ಲವೇ ಇಲ್ಲ. ಮೂರನೆಯದು ಹೈಬರ್ನೇಟ್. ರ್‍ಯಾಮ್‌ನಲ್ಲಿರುವುದನ್ನೆಲ್ಲ ಡಿಸ್ಕಿಗೆ ಬರೆದು ಮೆಷಿನ್ ಪೂರ್ತಿ ಬಂದ್ ಆಗುತ್ತದೆ. ಏಳಲು ಸ್ವಲ್ಪ ತಡ, ಆದರೆ ಕರೆಂಟ್ ಬೇಡ.

ನಿಮ್ಮದರಲ್ಲಿ ಯಾವುದಿದೆ ಅಂತ ನೋಡಲು ಸ್ಟಾರ್ಟ್ ಮೆನುವಿನಲ್ಲಿ ಸಿಎಂಡಿ ಅಂತ ಹುಡುಕಿ, ಅದರ ಮೇಲೆ ಬಲ ಕ್ಲಿಕ್ ಮಾಡಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಆ ಕಪ್ಪು ಕಿಟಕಿಯಲ್ಲಿ ಪವರ್‌ಸಿಎಫ್‌ಜಿ (powercfg) ಅಂತ ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಪದವಾಗಿ ಬರೆದು, ಒಂದು ಸ್ಪೇಸ್ ಬಿಟ್ಟು, ಓರೆಗೆರೆ (/) ಹಾಕಿ, ಎ ಅಕ್ಷರ ಒತ್ತಿ, ಎಂಟರ್ ಕೊಡಿ. ಸಿಗುವ ನಿದ್ದೆಗಳು ಮೇಲೆ, ಸಿಗದವು ಕಾರಣ ಸಮೇತ ಕೆಳಗೆ ಬರುತ್ತವೆ. ಫರ್ಮ್‌ವೇರ್ (ಅಂದರೆ ಬಯಾಸ್) ಸಪೋರ್ಟ್ ಮಾಡುವುದಿಲ್ಲ ಅಂತ ಎಸ್3ರ ಕೆಳಗೆ ಬರೆದಿದ್ದರೆ ಆ ಆಸೆ ಅಲ್ಲಿಗೇ ಬಿಡಿ. ರಿಜಿಸ್ಟ್ರಿ (ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳ ಕಡತ) ತಿದ್ದಿ ಎಸ್3 ತರಿಸುತ್ತೇನೆ ಅನ್ನುವ ವಿಡಿಯೊಗಳು ಬೇಕಾದಷ್ಟಿವೆ. ಫರ್ಮ್‌ವೇರ್‌ನಲ್ಲೇ ಇಲ್ಲದ್ದನ್ನು ರಿಜಿಸ್ಟ್ರಿ ತರಿಸುವುದಿಲ್ಲ. ಇದ್ದ ಸ್ಲೀಪ್ ಕೂಡ ಹೋಗಿ ಬರೀ ಹೈಬರ್ನೇಟ್ ಉಳಿಯುತ್ತದೆ.

ಎಬ್ಬಿಸಿದರೆ ಪರದೆ ಕಪ್ಪಾಗಿಯೇ ಇದೆ

ಪವರ್ ಬಟನ್ ಅದುಮಿ ಹಿಡಿಯುವ ಮೊದಲು ಒಂದು ನಿಮಿಷ ತಡೆಯಿರಿ. ಕ್ಯಾಪ್ಸ್ ಲಾಕ್ ಒತ್ತಿ. ಅದರ ದೀಪ ಹತ್ತಿ ಆರುತ್ತಿದ್ದರೆ ಮೆಷಿನ್ ಎದ್ದಿದೆ, ತೊಂದರೆ ಇರುವುದು ಪರದೆಯ ಕಡೆ. ದೀಪ ಅಲ್ಲಾಡದಿದ್ದರೆ ಒಳಗೇ ಹ್ಯಾಂಗ್ ಆಗಿದೆ. ಕ್ಯಾಪ್ಸ್ ಲಾಕ್ ದೀಪ ಇಲ್ಲದ ಕೀಬೋರ್ಡ್ ಆದರೆ ವಾಲ್ಯೂಮ್ ಏರಿಸಿ ಇಳಿಸಿ, ಶಬ್ದ ಬರುತ್ತದಾ ಕೇಳಿ.

ಮೆಷಿನ್ ಜೀವಂತ ಇದ್ದರೆ ಬ್ರೈಟ್‌ನೆಸ್ ಕೀಲಿ ಒತ್ತಿ ನೋಡಿ. ಬೆಳಕು ಸೊನ್ನೆಗೆ ಇಳಿದು ನಿಂತಿರುವುದೂ ಉಂಟು. ಆಮೇಲೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು ಬಿ ಒತ್ತಿ. ಒಂದು ಬೀಪ್ ಬಂದು ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ. ಪರದೆ ಬಂತು ಅಂದರೆ ಕಳ್ಳ ಸಿಕ್ಕ: ಗ್ರಾಫಿಕ್ಸ್ ಡ್ರೈವರ್. ಲ್ಯಾಪ್‌ಟಾಪ್ ತಯಾರಕರ ತಾಣದಿಂದ ನಿಮ್ಮದೇ ಮಾಡೆಲ್ ನಂಬರ್ ಹಾಕಿ ಡ್ರೈವರ್ ಇಳಿಸಿ ಹಾಕಿ. ಮೊನ್ನೆಮೊನ್ನೆಯವರೆಗೆ ಸರಿ ಇದ್ದು ಅಪ್‌ಡೇಟ್ ಆದ ಮೇಲೆ ಕೆಟ್ಟಿದ್ದರೆ ಉಲ್ಟಾ ಮಾಡಿ. ಡಿವೈಸ್ ಮ್ಯಾನೇಜರ್‌ನಲ್ಲಿ (ಒಳಗಿನ ಸಾಧನಗಳ ಪಟ್ಟಿ) ಡಿಸ್‌ಪ್ಲೇ ಅಡಾಪ್ಟರ್ ತೆರೆದು, ಡ್ರೈವರ್ ಪುಟದಲ್ಲಿ ರೋಲ್ ಬ್ಯಾಕ್ ಒತ್ತಿ. ಡ್ರೈವರ್ ತಾನಾಗಿ ಹುಡುಕಿ ಹಾಕುವ ಪುಕ್ಕಟೆ ಸಾಫ್ಟ್‌ವೇರ್‌ಗಳ ಸಹವಾಸ ಬೇಡ.

ಬೀಪ್ ಬಂದರೂ ಪರದೆ ಬರದಿದ್ದರೆ ಕೋಣೆಯ ಲೈಟ್ ಆರಿಸಿ, ಮೊಬೈಲ್ ಟಾರ್ಚ್ ಅನ್ನು ಪರದೆಗೆ ಓರೆಯಾಗಿ ಹಿಡಿಯಿರಿ. ಮಸುಕಾಗಿ ಲಾಗಿನ್ ಚಿತ್ರ ಕಂಡರೆ ಪರದೆಯ ಹಿಂಬದಿಯ ಬೆಳಕು (ಬ್ಯಾಕ್‌ಲೈಟ್) ಹೋಗಿದೆ. ಟೀವಿಗೋ ಬೇರೆ ಮಾನಿಟರ್‌ಗೋ ಎಚ್‌ಡಿಎಂಐ ಕೇಬಲ್ ಹಾಕಿ ನೋಡಿ. ಅಲ್ಲಿ ಚಿತ್ರ ಸರಿಯಾಗಿ ಬಂದರೆ ಪರದೆ ಅಥವಾ ಅದರ ಪಟ್ಟಿ ಕೇಬಲ್ ದೋಷ. ಮುಚ್ಚಳವನ್ನು ಒಂದು ಕೋನದಲ್ಲಿ ಹಿಡಿದಾಗ ಮಾತ್ರ ಬೆಳಕು ಬರುತ್ತಿದ್ದರೆ ಕೇಬಲ್ ಅನ್ನುವುದು ಹೆಚ್ಚುಕಡಿಮೆ ಖಾತ್ರಿ. ಇಲ್ಲಿಗೆ ಮನೆಯ ಕೆಲಸ ಮುಗಿಯಿತು. ಪರದೆಯ ಚೌಕಟ್ಟು ಬಿಚ್ಚುವುದು ಅಂಗಡಿಯ ಕೆಲಸ.

ಡೆಸ್ಕ್‌ಟಾಪ್ ಆದರೆ ಮೊದಲು ಮಾನಿಟರ್ ಅನ್ನೇ ಸ್ವಿಚ್ ಆಫ್ ಮಾಡಿ ಆನ್ ಮಾಡಿ. ಡಿಸ್‌ಪ್ಲೇಪೋರ್ಟ್ ಕೇಬಲ್ ಇರುವ ಕೆಲವು ಮಾನಿಟರ್‌ಗಳು ಮಲಗಿ ಏಳುವಾಗ ಸಂಪರ್ಕ ಕಳೆದುಕೊಳ್ಳುತ್ತವೆ. ಕೇಬಲ್ ಬದಲಿಸಿ ನೋಡುವುದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ.

ಕ್ಯಾಪ್ಸ್ ಲಾಕ್ ಅಲ್ಲಾಡಲೇ ಇಲ್ಲವಾ? ಡಿಸ್ಕ್ ದೀಪ ಮಿನುಗುತ್ತಿದ್ದರೆ ಅದು ನಿಲ್ಲುವವರೆಗೆ ಕಾಯಿರಿ. ಹೈಬರ್ನೇಟ್‌ನಿಂದ ಏಳುತ್ತಿರುವ ಹಳೆಯ ಹಾರ್ಡ್‌ಡಿಸ್ಕ್ ಮೆಷಿನ್ ನಿಮಿಷಗಟ್ಟಲೆ ತೆಗೆದುಕೊಳ್ಳಬಹುದು. ಆಮೇಲೆ ಪವರ್ ಬಟನ್ ಹತ್ತು ಹದಿನೈದು ಸೆಕೆಂಡ್ ಹಿಡಿದು ಬಂದ್ ಮಾಡಿ. ಈಗ ಒಂದೊಂದೇ ಭಾರ ಇಳಿಸುತ್ತ ಬನ್ನಿ. ಪ್ರಿಂಟರ್, ಡಾಂಗಲ್, ಹೊರಗಿನ ಡಿಸ್ಕ್ ಎಲ್ಲ ಕಿತ್ತು ಮಲಗಿಸಿ ಎಬ್ಬಿಸಿ. ಎದ್ದರೆ ಒಂದೊಂದನ್ನೇ ವಾಪಸ್ ಹಾಕಿ ನೋಡಿ. ಬೆರಳಚ್ಚು ಸಾಧನದ ಹಳೆಯ ಡ್ರೈವರ್‌ಗಳು ಇಲ್ಲಿ ಆಗಾಗ ಸಿಕ್ಕಿಬೀಳುತ್ತವೆ.

ಮಲಗಿಸಿದ ಕೂಡಲೇ ಏಳುತ್ತದೆ, ಅಥವಾ ನಡುರಾತ್ರಿ ತಾನೇ ಏಳುತ್ತದೆ

ಇದು ನಮ್ಮ ಕಡೆ ಸ್ವಲ್ಪ ಜಾಸ್ತಿಯೇ ಬರುವ ದೂರು, ಕಾರಣ ಕೇಳಿದರೆ ನಗು ಬರುತ್ತದೆ. ರಬಕವಿ-ಬನಹಟ್ಟಿಯ ಒಬ್ಬ ಮಗ್ಗದ ಮಾಲೀಕರ ಲೆಕ್ಕದ ಕಂಪ್ಯೂಟರ್ ಮಲಗಿಸಿದ ಕ್ಷಣವೇ ಏಳುತ್ತಿತ್ತು. ಅಂಗಡಿಗೆ ತಂದರೆ ಗಂಟೆಗಟ್ಟಲೆ ತೆಪ್ಪಗೆ ಮಲಗಿರುತ್ತಿತ್ತು. ಅವರಲ್ಲಿಗೇ ಹೋಗಿ ನೋಡಿದಾಗ ಗೊತ್ತಾಯಿತು. ಗೋಡೆಯ ಆಚೆ ಪವರ್‌ಲೂಮ್‌ಗಳು ಓಡುತ್ತಿದ್ದವು. ಟೇಬಲ್ ಮೇಲಿನ ಚಹಾದ ಕಪ್ಪಿನಲ್ಲಿ ಸಣ್ಣ ಅಲೆ ಏಳುತ್ತಿತ್ತು. ಆ ನಡುಕಕ್ಕೆ ಮೌಸ್ ಕೂದಲೆಳೆಯಷ್ಟು ಸರಿದರೂ ಸಾಕು, ಯಾರೋ ಮೌಸ್ ಮುಟ್ಟಿದರು ಅಂತ ಕಂಪ್ಯೂಟರ್ ಏಳುತ್ತದೆ. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ಕಡೆಯ ರಸ್ತೆ ಬದಿಯ ಅಂಗಡಿಗಳಲ್ಲಿ ಡಬಲ್ ಟ್ರೇಲರ್ ಟ್ರ್ಯಾಕ್ಟರ್ ಹೋದಾಗಲೂ ಇದೇ ಕತೆ.

ಪರೀಕ್ಷೆಗೆ ಪೈಸೆ ಖರ್ಚಿಲ್ಲ. ಮೌಸ್ ತಿರುಗಿಸಿ ಬೆನ್ನ ಮೇಲೆ ಮಲಗಿಸಿ, ಕಂಪ್ಯೂಟರ್ ಸ್ಲೀಪ್‌ಗೆ ಹಾಕಿ. ಮಲಗಿಯೇ ಇದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಮೌಸ್ ತೆರೆದು, ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ಕಂಪ್ಯೂಟರ್ ಎಬ್ಬಿಸಲು ಅನುಮತಿ ಕೊಡುವ ಗುರುತು ತೆಗೆಯಿರಿ. ಕೀಬೋರ್ಡ್‌ಗೆ ಆ ಅನುಮತಿ ಇರಲಿ. ಎರಡರದ್ದೂ ತೆಗೆದರೆ ಎಬ್ಬಿಸಲು ಪವರ್ ಬಟನ್ ಒಂದೇ ಗತಿ.

ಮೌಸ್ ತಪ್ಪಿಲ್ಲದಿದ್ದರೆ ಕಪ್ಪು ಕಿಟಕಿಯಲ್ಲಿ ಅದೇ ಪವರ್‌ಸಿಎಫ್‌ಜಿ, ಓರೆಗೆರೆ, ಲಾಸ್ಟ್‌ವೇಕ್ ಅಂತ ಒಂದೇ ಪದವಾಗಿ ಬರೆದು ಕೇಳಿ. ಕೊನೆಯ ಸಲ ಎಬ್ಬಿಸಿದ್ದು ಯಾರು ಅಂತ ಹೇಳುತ್ತದೆ. ಕೆಲವೊಮ್ಮೆ ಉತ್ತರ ಖಾಲಿ ಬರುವುದೂ ಉಂಟು. ಆಗ ಲಾಸ್ಟ್‌ವೇಕ್ ಜಾಗದಲ್ಲಿ ವೇಕ್‌ಟೈಮರ್ಸ್ ಅಂತ ಹಾಕಿ. ಅಪ್‌ಡೇಟ್, ಬ್ಯಾಕಪ್ ಯಾವುದಾದರೂ ನಡುರಾತ್ರಿಗೆ ಅಲಾರಾಂ ಇಟ್ಟುಕೊಂಡಿದೆಯಾ ಗೊತ್ತಾಗುತ್ತದೆ. ಪವರ್ ಆಪ್ಷನ್ಸ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ಕೆಳಗೆ ವೇಕ್ ಟೈಮರ್ ಬಂದ್ ಮಾಡಬಹುದು. ಎಬ್ಬಿಸಿದ್ದು ನೆಟ್‌ವರ್ಕ್ ಕಾರ್ಡ್ ಅಂತ ಬಂದರೆ ಅದರ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ಮ್ಯಾಜಿಕ್ ಪ್ಯಾಕೆಟ್ (ಎಬ್ಬಿಸಲೆಂದೇ ನೆಟ್‌ವರ್ಕ್‌ನಲ್ಲಿ ಕಳಿಸುವ ಸಂದೇಶ) ಬಂದರೆ ಮಾತ್ರ ಎಬ್ಬಿಸು ಅನ್ನುವ ಗುರುತು ಹಾಕಿ.

ಇದರ ತಿರುಗುಮುರುಗು ದೂರೂ ಒಂದಿದೆ: ಕೆಲಸ ಮಾಡುತ್ತಿರುವಾಗಲೇ ಲ್ಯಾಪ್‌ಟಾಪ್ ಮಲಗಿಬಿಡುತ್ತದೆ. ಮುಚ್ಚಳ ಮುಚ್ಚಿದೆಯಾ ಅಂತ ತಿಳಿಯಲು ಒಳಗೊಂದು ಆಯಸ್ಕಾಂತ ಮತ್ತು ಸೆನ್ಸರ್ ಇರುತ್ತವೆ. ಕೈಯಲ್ಲಿ ಆಯಸ್ಕಾಂತದ ಬಳೆ, ಕೀಬೋರ್ಡ್ ಪಕ್ಕ ಆಯಸ್ಕಾಂತದ ಮೊಬೈಲ್ ಕವರ್, ಅಥವಾ ಒಂದು ಲ್ಯಾಪ್‌ಟಾಪ್ ಮೇಲೆ ಇನ್ನೊಂದು ಇಟ್ಟು ಕೆಲಸ ಮಾಡುವುದು, ಯಾವುದಾದರೂ ಇದ್ದರೆ ದೂರ ಸರಿಸಿ ನೋಡಿ.

ಮಲಗುವುದೇ ಇಲ್ಲ

ಮೆನುವಿನಲ್ಲಿ ಸ್ಲೀಪ್ ಅನ್ನುವ ಆಯ್ಕೆಯೇ ಕಾಣದಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ ನೋಡಿ. ಅಲ್ಲಿ ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಅಂತ ಇದ್ದರೆ ಗ್ರಾಫಿಕ್ಸ್ ಡ್ರೈವರ್ ಹಾಕಿಯೇ ಇಲ್ಲ. ಹೊಸದಾಗಿ ವಿಂಡೋಸ್ ಹಾಕಿಸಿಕೊಂಡು ಬಂದವರಲ್ಲಿ ಇದು ಮಾಮೂಲು. ಡ್ರೈವರ್ ಹಾಕಿದರೆ ಸ್ಲೀಪ್ ತಾನೇ ಬರುತ್ತದೆ.

ಆಯ್ಕೆ ಇದೆ, ಆದರೆ ಬಿಟ್ಟು ಎದ್ದು ಹೋದರೆ ತಾನಾಗಿ ಮಲಗುವುದಿಲ್ಲ ಅಂದರೆ ಪವರ್‌ಸಿಎಫ್‌ಜಿ, ಓರೆಗೆರೆ, ರಿಕ್ವೆಸ್ಟ್ಸ್ ಅಂತ ಬರೆಯಿರಿ. ಮಲಗಬೇಡ ಅಂತ ತಡೆ ಹಿಡಿದವರ ಹೆಸರು ಬರುತ್ತದೆ. ಬ್ರೌಸರ್‌ನ ಯಾವುದೋ ಟ್ಯಾಬ್‌ನಲ್ಲಿ ಓಡುತ್ತಿರುವ ಹಾಡು, ಮುಗಿಯದ ಪ್ರಿಂಟ್, ಹಂಚಿಟ್ಟ ಫೋಲ್ಡರ್ ತೆರೆದಿರುವ ಪಕ್ಕದ ಕಂಪ್ಯೂಟರ್, ಇಂಥವೇ.

ಬ್ಯಾಗಿನಲ್ಲಿ ಬಿಸಿಯಾಗಿ, ಬ್ಯಾಟರಿ ಖಾಲಿಯಾಗಿ ಸಿಗುತ್ತದೆ

ವಿಜಯಪುರದಲ್ಲಿ ಮುಚ್ಚಿ ಬ್ಯಾಗಿಗೆ ಹಾಕಿದ ಲ್ಯಾಪ್‌ಟಾಪ್ ಬೆಳಗಾವಿಯಲ್ಲಿ ಬಸ್ ಇಳಿಯುವಾಗ ಕಾದ ಹಂಚಿನಂತಿರುತ್ತದೆ. ಮಾಡರ್ನ್ ಸ್ಟ್ಯಾಂಡ್‌ಬೈ ಮೆಷಿನ್‌ಗಳ ದೊಡ್ಡ ರೋಗ ಇದು. ಯಾವುದೋ ಪ್ರೋಗ್ರಾಂ ಅಥವಾ ಅಪ್‌ಡೇಟ್ ಮೆಷಿನ್ ಎಬ್ಬಿಸುತ್ತದೆ, ಬ್ಯಾಗಿನೊಳಗೆ ಗಾಳಿ ಇಲ್ಲ, ಫ್ಯಾನ್ ತಿರುಗಿದರೂ ಬಿಸಿ ಹೊರಗೆ ಹೋಗುವುದಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುವ ಊರು ನಮ್ಮದು, ಅಲ್ವಾ.

ಪವರ್‌ಸಿಎಫ್‌ಜಿ, ಓರೆಗೆರೆ, ಸ್ಲೀಪ್‌ಸ್ಟಡಿ ಅಂತ ಬರೆದರೆ ಒಂದು ವರದಿ ತಯಾರಾಗುತ್ತದೆ. ಬ್ರೌಸರ್‌ನಲ್ಲಿ ತೆರೆದು ನೋಡಿ. ಯಾವ ಹೊತ್ತಿನಲ್ಲಿ ಎಷ್ಟು ಬ್ಯಾಟರಿ ಇಳಿಯಿತು, ಕಾರಣ ಯಾರು ಅಂತ ಬಣ್ಣ ಹಚ್ಚಿ ತೋರಿಸುತ್ತದೆ. ಆ ಕಾರಣವನ್ನು ಹುಡುಕುತ್ತ ಕೂರಲು ಎಲ್ಲರಿಗೂ ಪುರುಸೊತ್ತಿಲ್ಲ. ನನ್ನ ಸಲಹೆ ನೇರ: ಇಂಥ ಲ್ಯಾಪ್‌ಟಾಪ್‌ನಲ್ಲಿ ಮುಚ್ಚಳ ಮುಚ್ಚಿದರೆ ಹೈಬರ್ನೇಟ್ ಆಗುವ ಹಾಗೆ ಇಟ್ಟುಬಿಡಿ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಮುಚ್ಚಳ ಮುಚ್ಚಿದಾಗ ಏನು ಮಾಡಬೇಕು ಅನ್ನುವ ಆಯ್ಕೆ ಇದೆ. ಹೈಬರ್ನೇಟ್ ಅಲ್ಲಿ ಕಾಣದಿದ್ದರೆ ಪವರ್‌ಸಿಎಫ್‌ಜಿ, ಓರೆಗೆರೆ, ಎಚ್, ಸ್ಪೇಸ್, ಆನ್ ಅಂತ ಕೊಟ್ಟು ಮತ್ತೆ ನೋಡಿ. 16 ಜಿಬಿ ರ್‍ಯಾಮ್ ಇದ್ದರೆ ಸಿ ಡ್ರೈವ್‌ನಲ್ಲಿ 6 ಜಿಬಿಗಿಂತ ಸ್ವಲ್ಪ ಜಾಸ್ತಿ ಜಾಗ ತಿನ್ನುತ್ತದೆ. ಎಸ್‌ಎಸ್‌ಡಿ ಇದ್ದರೆ ಏಳಲು ತೆಗೆದುಕೊಳ್ಳುವ ಕೆಲವು ಸೆಕೆಂಡ್ ಲೆಕ್ಕಕ್ಕೇ ಇಲ್ಲ.

ಎಚ್ಚರಿಕೆ: ಟಚ್‌ಪ್ಯಾಡ್ ಉಬ್ಬಿದ್ದರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ, ಕೆಳಗಿನ ಪ್ಲಾಸ್ಟಿಕ್ ಬಾಗಿದ್ದರೆ ಬ್ಯಾಟರಿ ಊದಿಕೊಂಡಿದೆ. ಅಲ್ಲಿಗೇ ಎಲ್ಲ ಪರೀಕ್ಷೆ ನಿಲ್ಲಿಸಿ. ಚಾರ್ಜರ್ ಕಿತ್ತು, ಬಂದ್ ಮಾಡಿ, ಹಾಸಿಗೆ-ಬಟ್ಟೆಯಿಂದ ದೂರ ಗಟ್ಟಿ ನೆಲದ ಮೇಲಿಟ್ಟು ರಿಪೇರಿಯವರಿಗೆ ಹೇಳಿ. ಒತ್ತಿ ಕೂರಿಸುವುದು, ಚುಚ್ಚಿ ಗಾಳಿ ತೆಗೆಯುವುದು ಬೆಂಕಿಗೆ ದಾರಿ.

ಎಬ್ಬಿಸಿದರೆ ಹೊಸದಾಗಿ ಬೂಟ್ ಆಗುತ್ತದೆ, ತೆರೆದಿಟ್ಟದ್ದೆಲ್ಲ ಮಾಯ

ಡೆಸ್ಕ್‌ಟಾಪ್‌ನಲ್ಲಿ ಮೊದಲು ಕೇಳಬೇಕಾದ್ದು: ರಾತ್ರಿ ಕರೆಂಟ್ ಹೋಗಿತ್ತಾ? ಎಸ್3 ನಿದ್ದೆಯಲ್ಲಿ ರ್‍ಯಾಮ್‌ಗೆ ಕರೆಂಟ್ ತಪ್ಪಿದರೆ ಎಲ್ಲ ಅಳಿಸಿಹೋಗುತ್ತದೆ. ಅದು ದೋಷವಲ್ಲ. ಹೋಗುವಾಗ ಸ್ವಿಚ್ ಬೋರ್ಡ್ ಆಫ್ ಮಾಡುವ ಅಭ್ಯಾಸ ಮನೆಯಲ್ಲಿ ಯಾರಿಗಾದರೂ ಇದೆಯಾ ಅಂತಲೂ ಕೇಳಿ. ಪರಿಹಾರ ಹೈಬ್ರಿಡ್ ಸ್ಲೀಪ್. ಪವರ್ ಆಪ್ಷನ್ಸ್‌ನ ಸ್ಲೀಪ್ ಕೆಳಗೇ ಈ ಆಯ್ಕೆ ಇರುತ್ತದೆ. ರ್‍ಯಾಮ್‌ನಲ್ಲಿ ಇಟ್ಟುಕೊಳ್ಳುವುದರ ಜತೆಗೆ ಡಿಸ್ಕಿಗೂ ಬರೆದುಕೊಳ್ಳುತ್ತದೆ. ಕರೆಂಟ್ ಹೋದರೂ ಡಿಸ್ಕಿನಿಂದ ಏಳುತ್ತದೆ. ಯುಪಿಎಸ್ ಇದೆ ಅಂತ ನಂಬಿಕೊಂಡವರು ಒಂದು ಸಲ ಅದರ ಪ್ಲಗ್ ಕಿತ್ತು ನೋಡಿ. ಬ್ಯಾಟರಿ ಸತ್ತ ಯುಪಿಎಸ್ ಬರೀ ಎಕ್ಸ್‌ಟೆನ್ಷನ್ ಬಾಕ್ಸ್.

ಕರೆಂಟ್ ಹೋಗಿರದಿದ್ದರೂ ಹೀಗಾಗುತ್ತಿದ್ದರೆ ರ್‍ಯಾಮ್ ನೋಡಿ. ನಮ್ಮ ಎರೆಮಣ್ಣಿನ ಸೀಮೆಯಲ್ಲಿ ಬೇಸಿಗೆಯ ಗಾಳಿಗೆ ಕ್ಯಾಬಿನೆಟ್ ಒಳಗೆ ನಯವಾದ ಧೂಳು ಕೂರುತ್ತದೆ. ಬೆಳಗಾವಿ, ಖಾನಾಪುರ ಕಡೆ ಮಳೆಗಾಲದ ತೇವಕ್ಕೆ ಸಂಪರ್ಕದ ಪಟ್ಟಿಗಳು ಮಂಕಾಗುತ್ತವೆ. ಓಡುವಾಗ ಹೇಗೋ ನಡೆಸಿಕೊಂಡು ಹೋಗುವ ಸಡಿಲ ರ್‍ಯಾಮ್ ಏಳುವ ಹೊತ್ತಿಗೆ ಕೈಕೊಡಬಹುದು. ಪ್ಲಗ್ ಕಿತ್ತು, ಪವರ್ ಬಟನ್ ಒಂದೆರಡು ಸಲ ಒತ್ತಿ ಉಳಿದ ಕರೆಂಟ್ ಖಾಲಿ ಮಾಡಿ. ಮದರ್‌ಬೋರ್ಡ್‌ನ ಸಣ್ಣ ದೀಪ ಆರಿದ ಮೇಲೆಯೇ ಕೈ ಹಾಕಿ. ಮಲಗಿದ ಮೆಷಿನ್‌ನಲ್ಲಿ ರ್‍ಯಾಮ್‌ಗೆ ಕರೆಂಟ್ ಇರುತ್ತದೆ, ಆಗ ಕಿತ್ತರೆ ರ್‍ಯಾಮ್ ಮತ್ತು ಬೋರ್ಡ್ ಎರಡೂ ಹೋಗಬಹುದು. ಕ್ಯಾಬಿನೆಟ್‌ನ ಬರಿ ಕಬ್ಬಿಣ ಮುಟ್ಟಿ ಮೈಯ ಸ್ಟ್ಯಾಟಿಕ್ ಇಳಿಸಿಕೊಳ್ಳಿ. ಎರಡೂ ಕೊನೆಯ ಕೊಂಡಿ ಒತ್ತಿ ರ್‍ಯಾಮ್ ಎತ್ತಿ, ಬಂಗಾರದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರ್‌ನಿಂದ ಹಗುರಾಗಿ ಉಜ್ಜಿ. ಪುಡಿಯನ್ನು ಒಣ ಬ್ರಷ್‌ನಿಂದ ತೆಗೆದು, ಸ್ಲಾಟ್‌ನ ಧೂಳೂ ಹಾರಿಸಿ, ಟಕ್ ಅಂತ ಎರಡು ಕಡೆ ಸದ್ದಾಗುವವರೆಗೆ ಕೂರಿಸಿ. ಎರಡು ಕಡ್ಡಿ ಇದ್ದರೆ ಒಂದೊಂದೇ ಹಾಕಿ ಪರೀಕ್ಷಿಸಿ.

ಅದೂ ಸರಿ ಇದ್ದರೆ ಸಂಶಯ ಎಸ್‌ಎಂಪಿಎಸ್ (ಕ್ಯಾಬಿನೆಟ್ ಒಳಗಿನ ಪವರ್ ಸಪ್ಲೈ ಡಬ್ಬಿ) ಮೇಲೆ. ಕಂಪ್ಯೂಟರ್ ಮಲಗಿದ್ದಾಗ ಎಸ್‌ಎಂಪಿಎಸ್‌ನ 5 ವೋಲ್ಟ್ ಸ್ಟ್ಯಾಂಡ್‌ಬೈ ಲೈನ್ ಒಂದೇ ಎಲ್ಲವನ್ನೂ ಹಿಡಿದಿರುತ್ತದೆ, ಅದರ ವೈರ್ ಸಾಮಾನ್ಯವಾಗಿ ನೇರಳೆ ಬಣ್ಣದ್ದು. 4.75ರಿಂದ 5.25 ವೋಲ್ಟ್ ಒಳಗೆ ಇರಬೇಕು. ಪಂಪ್‌ಸೆಟ್‌ಗಳು ಒಟ್ಟಿಗೇ ಚಾಲೂ ಆಗಿ ವೋಲ್ಟೇಜ್ ಕುಸಿಯುವ ಹಳ್ಳಿಗಳಲ್ಲಿ, ವರ್ಷಗಟ್ಟಲೆ ಓಡಿದ ಅಗ್ಗದ ಎಸ್‌ಎಂಪಿಎಸ್‌ನಲ್ಲಿ ಈ ಲೈನ್ ಸೋತಿರುವುದನ್ನು ನೋಡಿದ್ದೇನೆ. ಮೀಟರ್ ಹಿಡಿದು ಗೊತ್ತಿಲ್ಲದಿದ್ದರೆ ಅಂಗಡಿಯಲ್ಲಿ ಬೇರೆ ಎಸ್‌ಎಂಪಿಎಸ್ ಹಾಕಿಸಿ ನೋಡಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ.

ಎದ್ದ ಮೇಲೆ ವೈಫೈ ಇಲ್ಲ, ಸೌಂಡ್ ಇಲ್ಲ

ಆ ಸಾಧನದ ಡ್ರೈವರ್ ಪೂರ್ತಿ ಎದ್ದಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಅದನ್ನು ಡಿಸೇಬಲ್ ಮಾಡಿ ಮತ್ತೆ ಎನೇಬಲ್ ಮಾಡಿ. ಬಂತು ಅಂದರೆ ಅದರ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ಕರೆಂಟ್ ಉಳಿಸಲು ಈ ಸಾಧನ ಬಂದ್ ಮಾಡಬಹುದು ಅನ್ನುವ ಗುರುತು ತೆಗೆಯಿರಿ. ಹೆಚ್ಚಿನವು ಇಷ್ಟಕ್ಕೇ ಸರಿಹೋಗುತ್ತವೆ.

ಲಿನಕ್ಸ್ ಹಾಕಿಕೊಂಡವರಿಗೆ

ಇಂಜಿನಿಯರಿಂಗ್ ಹುಡುಗರಿಗಾಗಿ ಇದಿಷ್ಟು. ರೂಟ್‌ನಲ್ಲಿರುವ ಸಿಸ್ ಫೋಲ್ಡರ್, ಅದರಲ್ಲಿ ಪವರ್, ಅದರೊಳಗೆ ಮೆಮ್ ಅಂಡರ್‌ಸ್ಕೋರ್ ಸ್ಲೀಪ್ ಎಂಬ ಫೈಲ್ ಓದಿ. ಎಸ್2ಐಡಲ್, ಡೀಪ್ ಅಂತ ಎರಡು ಪದ ಇರಬಹುದು. ಚೌಕ ಕಂಸದಲ್ಲಿರುವುದು ಈಗ ಚಾಲ್ತಿಯಲ್ಲಿರುವ ನಿದ್ದೆ. ಡೀಪ್ ಅಂದರೆ ಎಸ್3. ಎರಡೂ ಇದ್ದರೆ ರೂಟ್ ಆಗಿ ಇನ್ನೊಂದನ್ನು ಅದೇ ಫೈಲಿಗೆ ಬರೆದು ಪರೀಕ್ಷಿಸಿ. ರೀಬೂಟ್ ಆದರೆ ಮೊದಲಿನಂತೆಯೇ ಆಗುತ್ತದೆ, ಹಾಗಾಗಿ ಭಯ ಇಲ್ಲ. ಕೆಲವು ಥಿಂಕ್‌ಪ್ಯಾಡ್‌ಗಳ ಬಯಾಸ್‌ನಲ್ಲಿ ಸ್ಲೀಪ್ ಸ್ಟೇಟ್ ಅನ್ನುವ ಕಡೆ ಲಿನಕ್ಸ್ ಅಂತ ಆರಿಸಿದರೆ ಎಸ್3 ಸಿಗುತ್ತದೆ.

ಮುಚ್ಚಳ ಮುಚ್ಚಿ ತೆಗೆದು ಕೈ ನೋಯಿಸಿಕೊಳ್ಳಬೇಡಿ. ಆರ್‌ಟಿಸಿವೇಕ್ ಎಂಬ ಕಮಾಂಡ್ ಮೆಷಿನ್ ಮಲಗಿಸಿ, ಹೇಳಿದಷ್ಟು ಸೆಕೆಂಡ್ ಆದ ಮೇಲೆ ತಾನೇ ಎಬ್ಬಿಸುತ್ತದೆ. ಅದೇ ಪವರ್ ಫೋಲ್ಡರ್‌ನ ಪಿಎಂ ಅಂಡರ್‌ಸ್ಕೋರ್ ಟೆಸ್ಟ್ ಫೈಲ್ ಸಿಕ್ಕರೆ ಇನ್ನೂ ಒಳ್ಳೆಯದು. ಫ್ರೀಜರ್, ಡಿವೈಸಸ್, ಪ್ಲಾಟ್‌ಫಾರ್ಮ್, ಪ್ರೊಸೆಸರ್ಸ್, ಕೋರ್ ಅಂತ ಒಂದೊಂದೇ ಹಂತ ಬರೆದು ಸಸ್ಪೆಂಡ್ ಕೊಟ್ಟರೆ ಆ ಹಂತದವರೆಗೆ ಹೋಗಿ ವಾಪಸ್ ಬರುತ್ತದೆ. ಫ್ರೀಜರ್ ದಾಟಿ ಡಿವೈಸಸ್‌ನಲ್ಲಿ ಸಿಕ್ಕಿಕೊಂಡರೆ ಡ್ರೈವರ್ ಹುಡುಕಿ. ಪರೀಕ್ಷೆ ಮುಗಿದ ಮೇಲೆ ಅದೇ ಫೈಲಿಗೆ ನನ್ (none) ಅಂತ ಬರೆಯಲು ಮರೆಯಬೇಡಿ.

ಎನ್‌ವಿಡಿಯಾ ಕಾರ್ಡ್ ಇದ್ದು ಎದ್ದ ಮೇಲೆ ಪರದೆ ಚೂರುಚೂರಾಗಿ ಕಂಡರೆ ಎನ್‌ವಿಡಿಯಾ ಸಸ್ಪೆಂಡ್, ಎನ್‌ವಿಡಿಯಾ ರೆಸ್ಯೂಮ್ ಸರ್ವಿಸ್‌ಗಳು ಚಾಲೂ ಇವೆಯಾ ನೋಡಿ. ಪೂರ್ತಿ ಹ್ಯಾಂಗ್ ಆದಾಗ ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಹಿಡಿದು ಎಸ್, ಯು, ಬಿ ಒಂದೊಂದಾಗಿ ಒತ್ತಿ. ಬಟನ್ ಹಿಡಿದು ಬಂದ್ ಮಾಡುವುದಕ್ಕಿಂತ ಡಿಸ್ಕಿಗೆ ಇದು ಮೃದು. ಬೂಟ್ ಆದ ಮೇಲೆ ಜರ್ನಲ್‌ಸಿಟಿಎಲ್‌ನಲ್ಲಿ ಹಿಂದಿನ ಬೂಟ್‌ನ ಕೊನೆಯ ಸಾಲುಗಳನ್ನು ಓದಿ. ಹೈಬರ್ನೇಟ್ ಬೇಕಾದವರು ರ್‍ಯಾಮ್‌ನಷ್ಟಾದರೂ ಸ್ವಾಪ್ ಇಟ್ಟುಕೊಳ್ಳಿ. ಸೆಕ್ಯೂರ್ ಬೂಟ್ ಆನ್ ಇದ್ದರೆ ಹಲವು ಲಿನಕ್ಸ್‌ಗಳು ಹೈಬರ್ನೇಟ್ ಬಿಡುವುದಿಲ್ಲ.

ಬಯಾಸ್ ಅಪ್‌ಡೇಟ್, ಮತ್ತು ಅಂಗಡಿಗೆ ಒಯ್ಯುವ ಹೊತ್ತು

ಮೇಲಿನದ್ಯಾವುದೂ ಫಲ ಕೊಡದಿದ್ದರೆ ಬಯಾಸ್ ಅಪ್‌ಡೇಟ್ ಉಳಿಯುತ್ತದೆ. ಸ್ಲೀಪ್ ದೋಷಗಳಿಗೆ ನಿಜವಾದ ಮದ್ದು ಎಷ್ಟೋ ಸಲ ಇಲ್ಲೇ ಇರುತ್ತದೆ. ಕೊನೆಗೆ ಇಟ್ಟಿದ್ದು ಅಪಾಯ ಇದೆ ಅಂತ. ನಡುವೆ ಕರೆಂಟ್ ಹೋದರೆ ಬೋರ್ಡ್ ಸತ್ತಂತೆ. ಲ್ಯಾಪ್‌ಟಾಪ್ ಬ್ಯಾಟರಿ ಪೂರ್ತಿ ತುಂಬಿ, ಚಾರ್ಜರ್ ಕೂಡ ಹಾಕಿರಬೇಕು. ಡೆಸ್ಕ್‌ಟಾಪ್ ಆದರೆ ಪರೀಕ್ಷಿಸಿದ ಯುಪಿಎಸ್ ಮೇಲೆಯೇ. ಮಳೆ-ಗುಡುಗಿನ ಸಂಜೆ ಈ ಕೆಲಸ ಬೇಡ. ಮಾಡೆಲ್ ನಂಬರ್ ಒಂದಕ್ಷರ ಬೇರೆ ಇದ್ದರೂ ಆ ಫೈಲ್ ಹಾಕಬೇಡಿ. ಅಪ್‌ಡೇಟ್ ಆದ ಮೇಲೆ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ತನ್ನ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಮೊದಲೇ ಬರೆದಿಟ್ಟುಕೊಳ್ಳಿ, ಕೀ ಇಲ್ಲದೆ ಡಿಸ್ಕ್ ತೆರೆಯಲು ನಮ್ಮ ಕೈಲೂ ಆಗುವುದಿಲ್ಲ.

ಸುಟ್ಟ ವಾಸನೆ, ಊದಿದ ಬ್ಯಾಟರಿ, ಚಾರ್ಜರ್ ಹಾಕಿದರೆ ಕಿಡಿ, ಒಳಗೆ ನೀರು ಬಿದ್ದ ಗುರುತು ಇದ್ದರೆ ಯಾವ ಪರೀಕ್ಷೆಯೂ ಬೇಡ, ನೇರ ಅಂಗಡಿಗೆ ತನ್ನಿ. ವಾರಂಟಿ ಇದ್ದರೆ ಸ್ಕ್ರೂ ಮುಟ್ಟದೆ ಕಂಪನಿಯ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ತರುವಾಗ ಚಾರ್ಜರ್ ಜತೆಗಿರಲಿ. ಕ್ಯಾಪ್ಸ್ ಲಾಕ್ ಹತ್ತಿತಾ ಇಲ್ಲವಾ, ಯಾವ ಅಪ್‌ಡೇಟ್ ಆದ ಮೇಲೆ ಶುರುವಾಯಿತು, ಹೈಬರ್ನೇಟ್‌ನಲ್ಲೂ ಹೀಗೇ ಆಗುತ್ತದಾ, ಈ ಮೂರನ್ನು ಚೀಟಿಯಲ್ಲಿ ಬರೆದು ತಂದರೆ ನಮ್ಮ ಅರ್ಧ ದಿನ, ನಿಮ್ಮ ಅರ್ಧ ಬಿಲ್ ಉಳಿಯುತ್ತದೆ.